ಕೋವಿಗೆ ಹಾಕಿದ ಎಣ್ಣೆ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ಬೂದಿ ಹಾಕಿ ಉಜ್ಜಿದರೂ, ಸೀಗೆಪುಡಿಯಿಂದ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಸುಟ್ಟ ಮದ್ದಿನ ಮಸಿ ಎಣ್ಣೆಯ ಜೊತೆ ಸೇರಿ ಇಪ್ಪತ್ತು ವರ್ಷ ಅಲ್ಲಿ ಕೂತಿತ್ತು. ಊಟಕ್ಕೆ ಬಡಿಸುವಾಗ ಹೊಸ ನೆಂಟರು ಆ ಬೆರಳು ನೋಡಿ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಮನೆಯವರು ಯಾರಾದರೂ "ಅದು ಕೊಳೆಯಲ್ಲ, ಕೋವಿಯದ್ದು" ಎಂದು ಹೇಳಬೇಕಾಗುತ್ತಿತ್ತು. ಅದನ್ನು ಕೇಳಿದ ಮೇಲೆ ನೆಂಟರ ಮುಖ ಇನ್ನೂ ಕೆಡುತ್ತಿತ್ತು.

ಅವರು ನನ್ನ ತಾಯಿಯ ಅಕ್ಕ. ತಾಯಿ ಬೇಗ ತೀರಿಹೋದ್ದರಿಂದ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರೂ ಅವರೇ. ಗಂಡ ಮಂಗಳೂರಿನಲ್ಲಿ ಪೊಲೀಸರ ಬಂದೂಕು ಇಡುವ ಕೋಣೆಯ ಕೆಲಸದಲ್ಲಿದ್ದರು. ಬಂದೂಕು ಉಜ್ಜುವುದು, ಎಣ್ಣೆ ಹಾಕುವುದು, ಲೆಕ್ಕದ ಪ್ರಕಾರ ಸಾಲಾಗಿ ನಿಲ್ಲಿಸುವುದು ಅವರ ಕೆಲಸ. ಪೊಲೀಸು ಲೈನಿನ ಒಂದೇ ಕೋಣೆಯ ಮನೆಯಲ್ಲಿ ಮಕ್ಕಳಿಲ್ಲದ ಹೆಂಗಸು ಗಂಡನ ಬಾಯಿಂದ ಕೇಳಿದ್ದೆಲ್ಲ ಕಬ್ಬಿಣದ ಸುದ್ದಿಯೇ. ಗಂಡ ಜ್ವರದಲ್ಲಿ ಹೋದ ಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ತವರಿಗೆ ಬಂದರು. ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಒಂದು ತಿರುಪುಳಿ, ಹಂದಿಯ ಕೂದಲಿನ ಒಂದು ಬ್ರಷ್ಷು, ಎರಡು ಕುಪ್ಪಿ ಎಣ್ಣೆ ಇದ್ದವು.

ನಮ್ಮದು ಅಳಿಯಕಟ್ಟಿನ ಮನೆ. ಹೆಣ್ಣುಮಕ್ಕಳ ಮೂಲಕ ಮನೆತನ ನಡೆಯುತ್ತದೆ ಎಂದು ಹೊರಗಿನವರು ನಮ್ಮನ್ನು ಹೊಗಳುವುದುಂಟು. ಒಳಗೆ ಮಾತು ನಡೆಯುವುದು ಮಾವನದ್ದು. ಗದ್ದೆಗೆ ಯಾವ ಬೀಜ, ಭೂತದ ಕೋಲಕ್ಕೆ ಯಾವ ದಿನ, ಯಾವ ಹುಡುಗಿಯನ್ನು ಯಾವ ಮನೆಗೆ ಕೊಡುವುದು, ಎಲ್ಲವನ್ನೂ ದೊಡ್ಡಮ್ಮನ ಅಣ್ಣನಾದ ನನ್ನ ಮಾವ ನಿರ್ಧರಿಸುತ್ತಿದ್ದರು. ಗಂಡನಿಲ್ಲದ, ಮಕ್ಕಳಿಲ್ಲದ ತಂಗಿಯನ್ನು ಕೇಳಿ ಮಾಡುವಂಥದ್ದು ಆ ಮನೆಯಲ್ಲಿ ಏನೂ ಇರಲಿಲ್ಲ. ಕೋವಿ ಒಂದನ್ನು ಬಿಟ್ಟು. ಕೋವಿಯ ವಿಷಯದಲ್ಲಿ ಮಾತ್ರ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಇವತ್ತು ತೆಗೆಯಬಹುದಾ?" ಎಂದು ಕೇಳುತ್ತಿದ್ದರು. ದೊಡ್ಡಮ್ಮ ಒಗ್ಗರಣೆ ಮುಗಿಸಿಯೇ ಉತ್ತರ ಕೊಡುತ್ತಿದ್ದರು. ಆ ಮನೆಯಲ್ಲಿ ಅವರಿಗೆ ಇದ್ದ ಜಾಗ ಅಷ್ಟೇ, ಮತ್ತು ಅವರು ಅದನ್ನು ಬಹಳ ಜೋಪಾನ ಮಾಡಿಕೊಂಡಿದ್ದರು.

ಅದು ಕೇಪಿನ ಕೋವಿ. ಬಾಯಿಯಿಂದ ಮದ್ದು ತುಂಬಿ, ಗಜದ ಕೋಲಿನಿಂದ ಜಡಿದು, ಹಿಂದೆ ಒಂದು ಚಿಕ್ಕ ತಾಮ್ರದ ಕೇಪು ಕೂರಿಸುವ ಒಂಟಿ ನಳಿಗೆಯದ್ದು. ಬೆರಳಿನಡಿಯ ಬಿಲ್ಲು ಎಳೆದರೆ ಕುದುರೆ, ಅಂದರೆ ಮೇಲೆ ಎತ್ತಿ ನಿಲ್ಲಿಸಿದ ಸುತ್ತಿಗೆ, ಕೇಪಿನ ಮೇಲೆ ಬಡಿದು ಕಿಡಿ ಹುಟ್ಟಬೇಕು. ನಮ್ಮ ಮನೆ ಬಂದ್ಯೋಡಿನಿಂದ ಒಳಗೆ, ಮೀಂಜದ ಕಡೆ ಹೋಗುವ ದಾರಿಯ ಗುಡ್ಡದ ಬುಡದಲ್ಲಿತ್ತು. ಗುಡ್ಡದಿಂದ ಹಂದಿಗಳು ಇಳಿದು ಗೆಣಸಿನ ಸಾಲನ್ನೂ ತೆನೆ ಬಂದ ಗದ್ದೆಯನ್ನೂ ಒಂದೇ ಸಲಕ್ಕೆ ಉತ್ತು ಹೋಗುತ್ತಿದ್ದವು. ಬೆಳೆ ಕಾಯಲಿಕ್ಕೆಂದು ಲೈಸೆನ್ಸು ಸಿಕ್ಕಿತ್ತು. ಲೈಸೆನ್ಸು ಮಾವನ ಹೆಸರಿನಲ್ಲಿ, ಕೋವಿಯ ಚಾಕರಿ ದೊಡ್ಡಮ್ಮನ ಕೈಯಲ್ಲಿ.

ಶಿರಿಯದ ಕಡೆಯಿಂದ ಬರುವ ಕಡಲ ಗಾಳಿ ನಮ್ಮ ಗುಡ್ಡದವರೆಗೂ ಉಪ್ಪು ತರುತ್ತದೆ. ಆ ಗಾಳಿಯಲ್ಲಿ ಬಾಗಿಲ ಚಿಲಕವೇ ಎರಡು ಮಳೆಗಾಲ ತಡೆಯುವುದಿಲ್ಲ, ಇನ್ನು ಕೋವಿ ಎಲ್ಲಿ ತಡೆದೀತು? ಊರಿನ ಬೇರೆ ಕೋವಿಗಳೆಲ್ಲ ಹುಳ ತಿಂದ ಹಾಗೆ ತೂತುತೂತಾಗಿದ್ದಾಗ ನಮ್ಮದು ನೀಲಿಗಪ್ಪಾಗಿ ಹೊಳೆಯುತ್ತಿತ್ತು. ಹೊಡೆದ ದಿನ ಎಷ್ಟೇ ಕೆಲಸವಿರಲಿ, ದೊಡ್ಡಮ್ಮ ಹಂಡೆಯ ಕುದಿನೀರನ್ನು ನಳಿಗೆಗೆ ಹೊಯ್ಯುತ್ತಿದ್ದರು. "ಮೊದಲು ನೀರು. ಸುಟ್ಟ ಮದ್ದಿನಲ್ಲಿ ಉಪ್ಪು ಉಂಟು, ಉಪ್ಪಿನ ಮೇಲೆ ಎಣ್ಣೆ ಹಾಕಿದರೆ ಉಪ್ಪಿನಕಾಯಿ ಹಾಕಿದ ಹಾಗೆ" ಎನ್ನುವರು. ನೀರು ಕುದಿಯುತ್ತಲೇ ಇರಬೇಕು, ಕಬ್ಬಿಣ ಬಿಸಿಯಾಗಿ ತಾನೇ ಒಣಗಬೇಕು. ಆಮೇಲೆ ಹಳೆಯ ಮುಂಡಿನ ಬಟ್ಟೆ ಹಾಕಿ ಎಳೆದು, ಬಟ್ಟೆ ಬಿಳಿಯಾಗಿ ಹೊರಬಂದ ನಂತರವೇ ಎಣ್ಣೆ. ಅದೂ ಬಟ್ಟೆಗೆ ನಾಲ್ಕು ಹನಿ. ಕೇಪು ಕೂರಿಸುವ ಕೊಳವೆಗೆ ಎಣ್ಣೆ ಇಳಿದರೆ ಮದ್ದು ಒದ್ದೆಯಾಗಿ ಕೋವಿ ಸಿಡಿಯುವುದಿಲ್ಲ ಎಂದು, ತುಂಬುವ ಮೊದಲು ಬರೀ ಒಂದು ಕೇಪು ಹೊಡೆಸಿ ಕೊಳವೆ ಒಣಗಿಸುತ್ತಿದ್ದರು. ಯಾರಾದರೂ ಬೆವರಿದ ಕೈಯಲ್ಲಿ ನಳಿಗೆ ಮುಟ್ಟಿದರೆ ಅವರು ಎದ್ದು ಹೋಗುವುದನ್ನೂ ಕಾಯದೆ ಸೀರೆಯ ಸೆರಗಿನಲ್ಲಿ ಒರೆಸಿಬಿಡುವರು.

ಎಣ್ಣೆಯ ವಿಷಯದಲ್ಲಿ ಅವರ ಹಟ ಊರಿಗೇ ತಮಾಷೆಯಾಗಿತ್ತು. ತೆಂಗಿನೆಣ್ಣೆಯಲ್ಲಿ ಹುಟ್ಟಿ ತೆಂಗಿನೆಣ್ಣೆಯಲ್ಲಿ ಸಾಯುವ ಊರು ನಮ್ಮದು. ತಲೆಗೆ, ಹುಣ್ಣಿಗೆ, ದೀಪಕ್ಕೆ, ಮೀನು ಹುರಿಯಲಿಕ್ಕೆ ಎಲ್ಲಕ್ಕೂ ಅದೇ. ಕೋವಿಗೂ ಎಲ್ಲರೂ ಅದನ್ನೇ ಬಳಿಯುತ್ತಿದ್ದರು. ದೊಡ್ಡಮ್ಮ ಮಾತ್ರ ಬಂದ್ಯೋಡಿನ ದರ್ಜಿಯ ಹತ್ತಿರ ಹೇಳಿಕಳುಹಿಸಿ ಹೊಲಿಗೆ ಮಿಶನ್ನಿನ ಎಣ್ಣೆ ತರಿಸುವರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಚಿಮಿಣಿ ಎಣ್ಣೆಗೇ ತತ್ವಾರ. ಮಿಶನ್ ಎಣ್ಣೆಯನ್ನು ದರ್ಜಿ ಔಷಧಿಯ ಕುಪ್ಪಿಯ ತಳದಲ್ಲಿ ಎರಡು ಬೆರಳಿನಷ್ಟು ಕೊಟ್ಟರೆ ಅದೇ ದೊಡ್ಡದು. ಅದನ್ನು ಅವರು ಕೋಳಿಯ ಗರಿಯ ತುದಿಯಲ್ಲಿ ಅದ್ದಿ ಅದ್ದಿ ವರ್ಷಗಟ್ಟಲೆ ನಡೆಸಿದರು.

ಒಂದು ಮಳೆಗಾಲದಲ್ಲಿ ಮುರಿದ ಕತ್ತಿಯ ಅಲಗನ್ನು ಆರು ತುಂಡು ಮಾಡಿಸಿ, ಒಂದೊಂದಕ್ಕೆ ಒಂದೊಂದು ಎಣ್ಣೆ ಬಳಿದು ಹಿಂದಿನ ಮಾಡಿನ ಅಂಚಿನಲ್ಲಿ ಇರಿಚಲು ಬೀಳುವ ಕಡೆ ನೇತುಹಾಕಿದರು. ಚಿಮಿಣಿ ಎಣ್ಣೆಯದ್ದು ಮೂರು ದಿನಕ್ಕೆ ಕೆಂಪಾಯಿತು. ಹೊನ್ನೆ ಎಣ್ಣೆಯದ್ದು ಅಂಟಾಗಿ ಒಂದು ಜಿರಳೆಯ ಕಾಲನ್ನು ಹಿಡಿದುಕೊಂಡಿತು. ತುಪ್ಪದ್ದನ್ನು ಇಲಿ ನೆಕ್ಕಿತು. ಶಿರಿಯದ ಬೂತಾಯಿ ಮೀನಿನ ಎಣ್ಣೆಯದ್ದು ತುಕ್ಕನ್ನೇನೋ ತಡೆಯಿತು, ಆದರೆ ಊರಿನ ಬೆಕ್ಕುಗಳೆಲ್ಲ ಅದರ ಕೆಳಗೆ ಬಂದು ಕೂತವು. ಮೀನೆಣ್ಣೆ ಬಳಿಯುತ್ತಿದ್ದ ಪಕ್ಕದ ಮನೆಯ ಯಜಮಾನರಿಗೆ ದೊಡ್ಡಮ್ಮ ಇದನ್ನು ತೋರಿಸಿ, "ನಿಮ್ಮ ಕೋವಿ ಬರುವುದು ಹಂದಿಗೆ ನಿಮಗಿಂತ ಮೊದಲು ಗೊತ್ತಾಗ್ತದೆ" ಎಂದರು. ಅವರು ನಕ್ಕು ಎಣ್ಣೆ ಬದಲಾಯಿಸಿದರು. ತೆಂಗಿನೆಣ್ಣೆಯ ತುಂಡಿನ ಮೇಲೆ ಮೊದಲು ಹಳದಿ ಪೊರೆ, ಆಮೇಲೆ ಅದರ ಕೆಳಗೆ ಚುಕ್ಕಿ ಚುಕ್ಕಿ ತುಕ್ಕು. ಗಟ್ಟಿ ನಿಂತದ್ದು ಹರಳೆಣ್ಣೆಯಲ್ಲಿ ಜೇನುಮೇಣ ಕರಗಿಸಿದ್ದು ಒಂದೇ. ಅಂದಿನಿಂದ ಮಳೆಗಾಲದಲ್ಲಿ ಹೊರಮೈಗೆ ಮೇಣ, ಕುದುರೆಯ ಬುಡದೊಳಗಿನ ಸ್ಪ್ರಿಂಗಿಗೆ ಮಿಶನ್ ಎಣ್ಣೆ ಎಂದು ಕಟ್ಟಳೆ ಮಾಡಿಕೊಂಡರು.

"ತೆಂಗಿನೆಣ್ಣೆಗೆ ಎಂತ ದೋಷ, ದೊಡ್ಡಮ್ಮ?" ಎಂದು ನಾನೊಮ್ಮೆ ಕೇಳಿದ್ದೆ. ಆಗ ನಾನು ಶಾಲೆಯಲ್ಲಿ ಮೇಷ್ಟ್ರಾಗಿ ನಾಲ್ಕು ವರ್ಷವಾಗಿತ್ತು. ಪಾಠ ಹೇಳುವವನಿಗೆ ಪಾಠ ಕೇಳುವ ಅಭ್ಯಾಸ ತಪ್ಪಿರುತ್ತದೆ, ಕೇಳಿದ್ದು ಚೇಷ್ಟೆಗೆ.

"ಧನುರ್ಮಾಸದಲ್ಲಿ ಬೆಳಿಗ್ಗೆ ತಲೆಗೆ ಹಚ್ಚಲಿಕ್ಕೆ ಕುಪ್ಪಿ ಎತ್ತಿದರೆ ಎಣ್ಣೆ ಬೀಳ್ತದಾ?" ಎಂದರು.

"ಇಲ್ಲ. ಗಟ್ಟಿಯಾಗಿರ್ತದೆ. ಒಲೆಯ ಹತ್ತಿರ ಇಡಬೇಕು."

"ಕೋವಿಯನ್ನು ಒಲೆಯ ಹತ್ತಿರ ಇಡ್ತಿಯಾ, ಮಾರಾಯ?"

ಅಷ್ಟು ಸರಳ. ಊರಿನ ಪ್ರತಿಯೊಬ್ಬನಿಗೂ ತನ್ನ ಬಚ್ಚಲಿನಲ್ಲಿ ಗೊತ್ತಿದ್ದ ಸಂಗತಿ, ಕೋವಿಯ ಹತ್ತಿರ ಹೋಗುವಾಗ ಒಬ್ಬನಿಗೂ ನೆನಪಾಗುತ್ತಿರಲಿಲ್ಲ. ನನಗೆ ಆ ನೆಪವೂ ಇಲ್ಲ. ನನಗೆ ಬಾಯಿಬಿಟ್ಟು ಹೇಳಿದ್ದರು.

ಯುದ್ಧ ಮುಗಿದ ವರ್ಷದ ನವರಾತ್ರಿ. ಆಯುಧಪೂಜೆಗೆ ನಮ್ಮಲ್ಲಿ ನೇಗಿಲು, ಕತ್ತಿ, ಕೋವಿ ಎಲ್ಲವನ್ನೂ ತೊಳೆದು ಗಂಧ ಹಚ್ಚಿ ಚಾವಡಿಯಲ್ಲಿ ಇಡುತ್ತಾರೆ. ಕೋವಿಯ ಯಂತ್ರವನ್ನು ದೊಡ್ಡಮ್ಮ ವರ್ಷಕ್ಕೆ ಎರಡೇ ಸಲ ಬಿಚ್ಚುವುದು, ಮಳೆಗೆ ಮೊದಲೊಮ್ಮೆ, ಈ ಹಬ್ಬಕ್ಕೊಮ್ಮೆ. ಆ ವರ್ಷ ಅವರ ಗಂಡನ ಕಡೆ ಒಂದು ಸಾವಾಗಿ, ಸಾವಿನ ಮನೆಗೆ ಹೋಗಿ ಬಂದಿದ್ದರು. ಉತ್ತರಕ್ರಿಯೆಯ ಬೊಜ್ಜ ಕಳೆಯುವವರೆಗೆ ಪೂಜೆಗೆ ಇಡುವ ವಸ್ತು ಮುಟ್ಟುವ ಹಾಗಿಲ್ಲ ಎಂದರು ಮಾವ. ನನ್ನನ್ನು ಕರೆದು, "ಈ ಸಲ ನೀನು ಮಾಡು. ಕಲಿತವ ಅಲ್ವಾ" ಎಂದರು.

ದೊಡ್ಡಮ್ಮ ಅಂಗಳದ ಆಚೆ ತುಳಸಿಕಟ್ಟೆಯ ಹತ್ತಿರ ಕೂತು ಅಲ್ಲಿಂದಲೇ ಹೇಳಿದರು: "ತಿರುಪುಳಿ ನನ್ನ ಪೆಟ್ಟಿಗೆಯಲ್ಲಿ ಉಂಟು, ಅದರಲ್ಲೇ ಬಿಚ್ಚು. ಬೇರೆಯದ್ದು ಹಾಕಬೇಡ. ಹಳೆಯ ಎಣ್ಣೆ ಪೂರ್ತಿ ಒರೆಸು. ಗರಿಯ ತುದಿಯಲ್ಲಿ ಮಿಶನ್ ಎಣ್ಣೆ ಮೂರು ಕಡೆ ಮುಟ್ಟಿಸಿದರೆ ಸಾಕು. ತೆಂಗಿನೆಣ್ಣೆ ಹತ್ತಿರ ತರಬೇಡ, ಕೇಳಿತಾ?"

"ಕೇಳಿತು" ಎಂದೆ.

ಅವರ ಪೆಟ್ಟಿಗೆ ಒಳಕೋಣೆಯ ಅಟ್ಟದ ಮೇಲಿತ್ತು. ಅಟ್ಟ ಹತ್ತಲು ಸೋಮಾರಿತನ. ಮೇಜಿನ ಮೇಲಿದ್ದ ಚಾಕುವಿನ ತುದಿಯಿಂದ ತಿರುಪು ತೆಗೆದೆ. ತಿರುಪಿನ ತಲೆ ತಿಂದುಹೋಯಿತು. ಎಣ್ಣೆಗೆ ಮತ್ತೆ ಅಟ್ಟ ಹತ್ತಬೇಕಿತ್ತು. ಅಡುಗೆಮನೆಯಲ್ಲಿ ಆಗ ತಾನೇ ಗಾಣದಿಂದ ತಂದ ಎಣ್ಣೆಯ ಭರಣಿ ಇತ್ತು, ತಿಳಿಯಾಗಿ, ಒಳ್ಳೆಯ ವಾಸನೆ. ದೇವರ ಮುಂದೆ ಇಡುವ ವಸ್ತುವಿಗೆ ದರ್ಜಿಯ ಅಂಗಡಿಯ ಎಣ್ಣೆಗಿಂತ ಇದು ವಾಸಿ ಎಂದು ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ಗರಿಯೂ ಇಲ್ಲ, ಮೂರು ಕಡೆಯೂ ಇಲ್ಲ, ಸೌಟಿನಲ್ಲಿ ತಂದು ಸುರಿದೆ. ಹೊರಗೂ ಬಳಿದೆ. ಕೋವಿ ಮದುಮಗನ ಹಾಗೆ ಹೊಳೆಯಿತು, ಮಾವ ಭೇಷ್ ಎಂದರು.

ಬೊಜ್ಜ ಕಳೆದ ಮೇಲೆ ದೊಡ್ಡಮ್ಮ ಕೋವಿಯನ್ನು ಕೈಗೆತ್ತಿಕೊಂಡು ಮೊದಲು ಗಂಧ ಒರೆಸಿದರು, ಹೊರಮೈಯ ಎಣ್ಣೆಯನ್ನೂ ಒರೆಸಿದರು. ಅದು ಪೂಜೆಯ ಎಣ್ಣೆ ಎಂದುಕೊಂಡಿರಬೇಕು. ತಿರುಪಿನ ತಲೆಯ ಮೇಲೆ ಬೆರಳು ನಿಂತಿತು.

"ಇದನ್ನು ಎಂತದರಲ್ಲಿ ತೆಗೆದದ್ದು?"

"ಚಾಕುವಿನಲ್ಲಿ."

"ಹಾಳು ಮಾಡಿದಿಯಲ್ಲ. ಇನ್ನೊಂದು ಸಲ ಬಿಚ್ಚಿದರೆ ಇದು ಕೂರುವುದೇ ಇಲ್ಲ. ಒಳಗೆ ಎಂತ ಹಾಕಿದೆ?"

ಒಂದು ಬೈಗುಳ ಆಗಲೇ ಬಿದ್ದಿತ್ತು. ಇಪ್ಪತ್ತಾರು ವರ್ಷದ ಮೇಷ್ಟ್ರು ಒಂದೇ ದಿನ ಎರಡು ಬೈಗುಳ ತಿನ್ನುವುದೆ? "ನೀವು ಹೇಳಿದ್ದೇ ಹಾಕಿದ್ದು" ಎಂದೆ.

ಅವರು ನನ್ನ ಮುಖ ನೋಡಿದರು. ನಂಬಿದರು. ತಿರುಪು ಹಾಳಾಗಬಾರದೆಂದು ಒಳಗೆ ಬಿಚ್ಚಿ ನೋಡದೆ ಕೋವಿಯನ್ನು ಗೂಟಕ್ಕೆ ತೂಗುಹಾಕಿದರು. ಅವರು ತಮ್ಮ ಅಣ್ಣನನ್ನೂ ಅಷ್ಟು ಸುಲಭದಲ್ಲಿ ನಂಬಿದವರಲ್ಲ.

ಆ ವರ್ಷ ಧನುರ್ಮಾಸದ ಚಳಿ ಸ್ವಲ್ಪ ಜಾಸ್ತಿಯೇ ಇತ್ತು. ಒಂದು ಮುಂಜಾನೆ ಗೆಣಸಿನ ಗದ್ದೆಗೆ ಹಂದಿ ಇಳಿದಿದೆ ಎಂದು ಕೆಲಸದಾತ ಓಡಿಬಂದ. ಸದ್ದಿಗೆ ಹಂದಿ ಓಡೀತೆಂದು ಬರೀ ಕೇಪು ಹೊಡೆಸದೆಯೇ ಮಾವ ಕೋವಿ ತುಂಬಿಸಿಕೊಂಡು ಹೊರಟರು, ಹಿಂದಿನಿಂದ ಕೆಲಸದಾತ ಈಟಿ ಹಿಡಿದು, ಅವನ ಹಿಂದೆ ನಾನು ಬರಿಗೈಯಲ್ಲಿ. ಹುಲ್ಲಿನ ಮೇಲೆ ಇಬ್ಬನಿ, ಮೂಗಿನಲ್ಲಿ ನೀರು. ಹಂದಿ ಒಂಟಿ. ನಾಯಿಗಳು ಬೊಗಳಿದ್ದೇ ಅದು ತಿರುಗಿ ನೇರ ನಮ್ಮ ಕಡೆ ಬಂತು. ಮಾವ ಅಲುಗಾಡದೆ ನಿಂತು, ಹತ್ತಿರ ಬರಲು ಬಿಟ್ಟು, ಬಿಲ್ಲು ಎಳೆದರು.

ಟಕ್ ಎಂದು ಬಡಿಯಬೇಕಾದ ಕುದುರೆ ಮೆಲ್ಲಗೆ ಇಳಿದು ಕೇಪಿನ ಮೇಲೆ ಕೂತಿತು. ನಾನು ಅದನ್ನು ಕಣ್ಣಾರೆ ಕಂಡೆ. ಕಂಡ ಕ್ಷಣವೇ ಯಾಕೆಂದೂ ಗೊತ್ತಾಯಿತು. ಮಾವ ಮತ್ತೊಮ್ಮೆ ಕುದುರೆ ಎತ್ತುವಷ್ಟರಲ್ಲಿ ಹಂದಿ ಅವರ ತೊಡೆಯನ್ನು ಮೊಣಕಾಲಿನಿಂದ ಮೇಲಕ್ಕೆ ಸೀಳಿತು. ಕೆಲಸದಾತ ಈಟಿ ಹಾಕದೆ ಇದ್ದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಬಾಗಿಲಿನ ಹಲಗೆಯ ಮೇಲೆ ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದೆವು. ಆಸ್ಪತ್ರೆಗೆ ಸಾಗಿಸಲು ಗಾಡಿ ಕಟ್ಟುತ್ತಿದ್ದರು. ಅಕ್ಕಪಕ್ಕದವರೆಲ್ಲ ಸೇರಿದ್ದರು. ದೊಡ್ಡಮ್ಮ ಅಣ್ಣನ ತೊಡೆಗೆ ಬಟ್ಟೆ ಬಿಗಿದು ಕಟ್ಟಿ, ಕೈ ತೊಳೆದುಕೊಂಡು, ಯಾರೂ ಹೇಳದೆಯೇ ಕೋವಿಯನ್ನು ತೆಗೆದುಕೊಂಡರು. ಮದ್ದು ಇಳಿಸಿದರು. ಅಟ್ಟದಿಂದ ಪೆಟ್ಟಿಗೆ ತರಿಸಿ ತಮ್ಮ ತಿರುಪುಳಿಯಿಂದ ಆ ಹಾಳಾದ ತಿರುಪನ್ನು ಹೇಗೋ ಬಿಚ್ಚಿ ತಗಡು ಎತ್ತಿದರು. ಸ್ಪ್ರಿಂಗಿನ ತುಂಬ ಬಿಳಿ ಎಣ್ಣೆ ಕಟ್ಟಿತ್ತು. ಬೆಳಿಗ್ಗೆ ಪ್ರತಿಯೊಬ್ಬರ ಬಚ್ಚಲಿನ ಕುಪ್ಪಿಯಲ್ಲಿ ಇರುವ ಅದೇ ಬಿಳಿ. ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಮಾವ ಮಲಗಿದಲ್ಲಿಂದಲೇ ತಲೆ ಎತ್ತಿ ನೋಡಿದರು. "ತೆಂಗಿನೆಣ್ಣೆ!" ಎಂದರು. "ಇಪ್ಪತ್ತು ವರ್ಷದಿಂದ ಊರಿಗೆಲ್ಲ ಪಾಠ ಹೇಳಿದವಳು ನನ್ನ ಕೋವಿಗೇ ತೆಂಗಿನೆಣ್ಣೆ ಹಾಕಿದಳು!" ಆಮೇಲೆ ಏನೋ ನೆನಪಾದವರ ಹಾಗೆ ನನ್ನ ಕಡೆ ತಿರುಗಿ, "ಹಬ್ಬಕ್ಕೆ ಉಜ್ಜಿದ್ದು ನೀನಲ್ವಾ? ಎಂತ ಹಾಕಿದ್ದು ನೀನು?" ಎಂದು ಕೇಳಿದರು.

ಅಂಗಳದ ತುಂಬ ಜನ. ಮಾವನ ರಕ್ತ ಹಲಗೆಯಿಂದ ತೊಟ್ಟಿಕ್ಕುತ್ತಿತ್ತು. ಹೇಳಬಹುದಿತ್ತು. ಹೇಳಿದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮಾವ ಬೈಯುತ್ತಿದ್ದರು, ಊರು ನಾಲ್ಕು ದಿನ ಮಾತಾಡುತ್ತಿತ್ತು, ಮೇಷ್ಟ್ರ ಕೆಲಸ ಹೋಗುತ್ತಿರಲಿಲ್ಲ, ಮನೆಯೂ ಹೋಗುತ್ತಿರಲಿಲ್ಲ. ನನಗೆ ಹೋಗುವಂಥದ್ದು ಏನೂ ಇರಲಿಲ್ಲ. ಹೆದರಿದೆ, ಅಷ್ಟೇ. ಹೆದರಿಕೆಗೆ ತಕ್ಕ ಕಾರಣವೂ ಇಲ್ಲದೆ ಹೆದರಿದೆ.

"ದೊಡ್ಡಮ್ಮ ಹೇಳಿದ್ದೇ ಹಾಕಿದ್ದು" ಎಂದೆ.

ದೊಡ್ಡಮ್ಮ ತಲೆ ಎತ್ತಿದರು. ಹೆಬ್ಬೆರಳಿನ ತುದಿಯಲ್ಲಿ, ಆ ಕಪ್ಪು ಗೆರೆಯ ಪಕ್ಕ, ಬಿಳಿ ಎಣ್ಣೆ ಮೆತ್ತಿಕೊಂಡಿತ್ತು. ಬಿಸಿಲಿಗೆ ಅದು ಕರಗಲು ಶುರುವಾಗುವಷ್ಟು ಹೊತ್ತು ನನ್ನನ್ನೇ ನೋಡಿದರು. ನಾನು ಗಾಡಿಯ ಎತ್ತುಗಳನ್ನು ನೋಡಿದೆ. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಬಿಚ್ಚಿ ನೋಡದ್ದು ನನ್ನ ತಪ್ಪು" ಎಂದರು.

ಜನ ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡರು. ಮಿಶನ್ ಎಣ್ಣೆ ಸಿಗದ ಕಾಲ, ಮುದುಕಿ ಗುಟ್ಟಾಗಿ ತೆಂಗಿನೆಣ್ಣೆ ಹಾಕಿ ಮರ್ಯಾದೆ ಉಳಿಸಿಕೊಳ್ಳಲು ನೋಡಿದಳು ಎಂದು ಬಂದ್ಯೋಡಿನ ಚಾದಂಗಡಿಯವರೆಗೂ ಸುದ್ದಿಯಾಯಿತು. ದರ್ಜಿಯ ಎಣ್ಣೆ ಕುಪ್ಪಿಯಲ್ಲಿ ಇನ್ನೂ ಉಳಿದು ಆ ಪೆಟ್ಟಿಗೆಯಲ್ಲೇ ಇದ್ದದ್ದನ್ನು ಯಾರೂ ನೋಡಲಿಲ್ಲ. ಅದು ಗೊತ್ತಿದ್ದವರು ನಾವಿಬ್ಬರೇ.

ಅವರು ನನ್ನನ್ನು ಕಾಪಾಡಿದರು ಎಂದು ಬರೆದರೆ ಓದಲಿಕ್ಕೆ ಚೆನ್ನಾಗಿರುತ್ತದೆ. ನಾನೇ ಕೆಲವು ವರ್ಷ ಹಾಗೆ ನಂಬಿಕೊಂಡು ನಿದ್ರೆ ಮಾಡಿದ್ದೇನೆ. ಅದು ಸುಳ್ಳು. ಆ ನೋಟದಲ್ಲಿ ಪ್ರೀತಿಯೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ನಾನು ಮಾತಾಡಲೆಂದು ಅವರು ಕಾದಿದ್ದರು. ಸಾಕಿದ ಮಗ ತಾನಾಗಿ ಬಾಯಿ ಬಿಡಲಿ, ತಾನು ಹೇಳಿ ಹೇಳಿಸಬಾರದು ಎಂದು ಅವರ ಹಟ ಇದ್ದಿರಬೇಕು. ಎಣ್ಣೆಯಲ್ಲೂ ಅವರು ಹಾಗೆಯೇ, ತೂಗುಹಾಕಿ ಕಾಯುವುದು.

ಮಾವ ಬದುಕಿದರು. ಬಲಗಾಲು ಮಡಚದ ಹಾಗಾಗಿ ಕೋಲು ಬಂತು. ಆಸ್ಪತ್ರೆಯಿಂದ ಬಂದ ದಿನವೇ, "ಹೆಂಗಸಿನ ಕೈಯಲ್ಲಿ ಕೋವಿ ಕೊಟ್ಟದ್ದು ನನ್ನ ಬುದ್ಧಿಗೇಡಿತನ" ಎಂದು ಎಲ್ಲರೆದುರು ಹೇಳಿದರು. ಕೋವಿಯನ್ನು ಯಾರ ಸುಪರ್ದಿಗೆ ಕೊಟ್ಟರು? ನನ್ನ ಸುಪರ್ದಿಗೆ. ಕಲಿತವನಲ್ಲವೆ. ಅಂದಿನಿಂದ ಅಡುಗೆಮನೆಯ ಬಾಗಿಲಿಗೆ ಬಂದು ಮಾವ ಏನನ್ನೂ ಕೇಳಲಿಲ್ಲ. ಆ ಮನೆಯಲ್ಲಿ ದೊಡ್ಡಮ್ಮನನ್ನು ಕೇಳಿ ಮಾಡುವಂಥದ್ದು ಇನ್ನು ಒಂದೂ ಉಳಿಯಲಿಲ್ಲ.

ಅವರು ಮಾಡಿನ ಅಂಚಿನ ಕತ್ತಿಯ ತುಂಡುಗಳನ್ನು ಇಳಿಸಿ ಬಾವಿಕಟ್ಟೆಯ ಹಿಂದೆ ಎಸೆದರು. ಪೆಟ್ಟಿಗೆಯನ್ನು ತಂದು ನನ್ನ ಮಂಚದ ಕೆಳಗೆ ಇಟ್ಟರು. ಮೊದಲ ಮಳೆಗೆ ನಳಿಗೆಯ ಒಳಗೆ ಕೆಂಪು ಕಂಡಾಗ ನಾನು ಹೋಗಿ ಕೇಳಿದೆ, "ದೊಡ್ಡಮ್ಮ, ಮೇಣಕ್ಕೆ ಹರಳೆಣ್ಣೆ ಎಷ್ಟು ಹಾಕುವುದು?"

ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ನನ್ನನ್ನು ಎಂತ ಕೇಳುವುದು? ನಾನು ಹೇಳಿದ್ದೇ ಹಾಕುವವ ಅಲ್ವಾ ನೀನು" ಎಂದರು.

ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಗೊತ್ತಿದ್ದಷ್ಟು ಮಾಡಿದೆ, ಹೆಚ್ಚು ಹಾಕಿದೆ, ಕಡಿಮೆ ಹಾಕಿದೆ, ಕುದಿನೀರಿನ ಬದಲು ಬೆಚ್ಚಗಿನ ನೀರು ಹೊಯ್ದೆ. ಮೂರು ಮಳೆಗಾಲದಲ್ಲಿ ನಳಿಗೆ ಒಳಗೆಲ್ಲ ಕುಳಿಕುಳಿಯಾಯಿತು. ಲೈಸೆನ್ಸು ಹೊಸದು ಮಾಡಿಸಲು ಕೊಂಡುಹೋದಾಗ ಅಧಿಕಾರಿ ನಳಿಗೆಗೆ ಕಣ್ಣಿಟ್ಟು ನೋಡಿ, "ಇದನ್ನು ಹೊಡೆದರೆ ಹಂದಿಗಿಂತ ಮೊದಲು ನೀವು ಹೋಗ್ತೀರಿ ಮೇಷ್ಟ್ರೇ" ಎಂದು ನಕ್ಕರು. ಕೋವಿಯನ್ನು ಅಲ್ಲೇ ಒಪ್ಪಿಸಿ ಬರಿಗೈಯಲ್ಲಿ ಬಂದೆ. ದೊಡ್ಡಮ್ಮನಿಗೆ ಹೇಳಿದಾಗ "ಹೌದಾ" ಎಂದರು. ಆ ಹೊತ್ತಿಗೆ ಅವರ ಹೆಬ್ಬೆರಳಿನ ಕಪ್ಪು ಗೆರೆಯೂ ಉಗುರು ಬೆಳೆದು ಬೆಳೆದು ಹೋಗಿಬಿಟ್ಟಿತ್ತು. ಬಡಿಸುವಾಗ ನೆಂಟರು ಯಾರೂ ಈಗ ಅವರ ಕೈ ನೋಡುತ್ತಿರಲಿಲ್ಲ.

ಅವರು ನನ್ನ ಜೊತೆ ಮಾತು ಬಿಟ್ಟವರಲ್ಲ. ಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಊಟಕ್ಕೆ ಕರೆಯುತ್ತಿದ್ದರು, ಜ್ವರ ಬಂದರೆ ಗಂಜಿ ಕೊಡುತ್ತಿದ್ದರು, ನನ್ನ ಮದುವೆಗೆ ಹೂವು ಕಟ್ಟಿದರು. ಆದರೆ ಪ್ರತಿ ವರ್ಷ ಧನುರ್ಮಾಸ ಬಂದಾಗ, ನಾನು ಸ್ನಾನಕ್ಕೆ ಹೊರಟರೆ, ಒಲೆಯ ಬದಿಯಲ್ಲಿ ಕರಗಿಸಿದ ಎಣ್ಣೆಯ ಕುಪ್ಪಿಯನ್ನು ತಂದು ನನ್ನ ಕೈಯಲ್ಲಿ ಇಡುತ್ತಿದ್ದರು. ಒಂಬತ್ತು ವರ್ಷ ಇಟ್ಟರು. ನಾನು ಒಂಬತ್ತು ವರ್ಷ ತಲೆಗೆ ಹಚ್ಚಿಕೊಂಡು ಸ್ನಾನಕ್ಕೆ ಹೋದೆ.

ನಮ್ಮ ತಾಲೂಕು ಕೇರಳಕ್ಕೆ ಸೇರುವ ಹಿಂದಿನ ವರ್ಷ, ಮಳೆ ಕಡಿಮೆಯಾಗುವ ಸೋಣ ತಿಂಗಳಿನಲ್ಲಿ ಅವರು ತೀರಿಹೋದರು. ಮಾವ ಆಮೇಲೆ ಎರಡು ವರ್ಷ ಇದ್ದು, ತನ್ನ ಕಾಲು ಹಾಳು ಮಾಡಿದ್ದು ತಂಗಿಯೇ ಎಂದು ನಂಬಿಕೊಂಡೇ ಹೋದರು. ಈಗ ಇದನ್ನು ಕೇಳಬೇಕಾದವರು ಯಾರೂ ಇಲ್ಲ. ಇಲ್ಲ ಎಂದು ಖಾತ್ರಿಯಾದ ಮೇಲೆ ಬರೆಯುತ್ತಿದ್ದೇನೆ, ನನ್ನ ಧೈರ್ಯ ಅಂಥದ್ದು. ದೊಡ್ಡಮ್ಮ ಹೋಗುವ ಮೂರು ದಿನ ಮೊದಲಿನ ಮಧ್ಯಾಹ್ನದ್ದನ್ನೂ ಬರೆದುಬಿಡುತ್ತೇನೆ.

ಒಳಕೋಣೆಯಲ್ಲಿ ಮಲಗಿದ್ದರು. ನಾನು ಹತ್ತಿರ ಕೂತಿದ್ದೆ. ಜಗಲಿಯಲ್ಲಿ ಮಾವ ಹಲ್ಲಿಲ್ಲದ ಬಾಯಿಗೆ ವೀ‌ಳ್ಯ ಕುಟ್ಟುತ್ತಿದ್ದ ಸದ್ದು ಕೇಳುತ್ತಿತ್ತು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ.

"ಅಣ್ಣ ಜಗಲಿಯಲ್ಲಿ ಇದ್ದಾನಾ?" ಎಂದರು.

"ಇದ್ದಾರೆ."

"ಹೋಗಿ ಹೇಳು. ಕೋವಿಗೆ ಎಂತ ಹಾಕಿದ್ದು, ಯಾರು ಹಾಕಿದ್ದು ಅಂತ ಹೇಳು. ನಾನು ಇರುವಾಗಲೇ ಹೇಳು." ಸ್ವಲ್ಪ ಉಸಿರು ತೆಗೆದುಕೊಂಡು, "ಇಲ್ಲಿಗೆ ಕೇಳ್ತದೆ ನನಗೆ" ಎಂದರು.

ಒಂಬತ್ತು ವರ್ಷದಲ್ಲಿ ಅವರು ಅದರ ಹೆಸರೆತ್ತಿದ್ದು ಅದೇ ಮೊದಲು. ನಾನು ಎದ್ದೆ. ಹೇಳಲಿಕ್ಕೆಂದೇ ಎದ್ದೆ, ಇದನ್ನಾದರೂ ನಂಬಬೇಕು. ಹೊಸ್ತಿಲು ದಾಟಿ ಮಾವನ ಕುರ್ಚಿಯ ಮುಂದೆ ನಿಂತೆ. ಮಾವ ಕುಟ್ಟುವುದನ್ನು ನಿಲ್ಲಿಸಿ, ನೆಟ್ಟಗೆ ಚಾಚಿದ ಕಾಲನ್ನು ಕೈಯಿಂದ ಸ್ವಲ್ಪ ಸರಿಸಿಕೊಂಡು, ನನ್ನ ಮುಖ ನೋಡಿದರು.

"ಎಂತ?"

"ಎಂತ ಇಲ್ಲ" ಎಂದೆ. "ದೊಡ್ಡಮ್ಮ ನೀರು ಕೇಳಿದರು."

"ಕೊಡು ಹಾಗಾದರೆ" ಎಂದು ಮಾವ ಮತ್ತೆ ಕುಟ್ಟತೊಡಗಿದರು.

ಚೆಂಬಿನಲ್ಲಿ ನೀರು ತೆಗೆದುಕೊಂಡು ಒಳಗೆ ಹೋದೆ. ಅವರ ಕಣ್ಣು ಬಾಗಿಲಿನ ಮೇಲೆಯೇ ಇತ್ತು. ಎಲ್ಲ ಕೇಳಿತ್ತು. ತಲೆ ಎತ್ತಿ ಹಿಡಿದು ಚೆಂಬನ್ನು ಬಾಯಿಗೆ ಇಟ್ಟೆ. ನೀರು ಬೇಡದಿದ್ದರೂ ಅವರು ಒಂದು ಗುಟುಕು ಕುಡಿದರು, ನನ್ನ ಮಾತು ಸುಳ್ಳಾಗದಷ್ಟು, ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.